ಸ್ಕ್ಯಾನರ್ ಓದುತ್ತಿಲ್ಲವೇ? ಬಾರ್‌ಕೋಡ್ ರೀಡರ್‌ನಿಂದ ಕಾಗದದ ಸ್ಕ್ಯಾನರ್‌ವರೆಗೆ ಒಂದು ಮಾರ್ಗದರ್ಶಿ

ಕೌಂಟರಿನಲ್ಲಿ ಸ್ಕ್ಯಾನರ್ ಓದುವುದನ್ನು ನಿಲ್ಲಿಸಿದರೆ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಬಟನ್ ಇನ್ನೂ ಜೋರಾಗಿ ಒತ್ತುತ್ತಾರೆ. ಆಮೇಲೆ ಹೊಸದರ ಬೆಲೆ ವಿಚಾರಿಸುತ್ತಾರೆ. ಆದರೆ ಯಂತ್ರವೇ ಕೆಟ್ಟಿರುವುದು ಕಡಿಮೆ. ಲೇಬಲ್ಲಿನ ಪ್ರಿಂಟ್ ಸರಿ ಇರುವುದಿಲ್ಲ. ಇಲ್ಲವೇ ಆ ಯಂತ್ರ ಆ ಜಾತಿಯ ಕೋಡಿಗೆ ಮಾಡಿದ್ದೇ ಆಗಿರುವುದಿಲ್ಲ. ಅದೂ ಅಲ್ಲದಿದ್ದರೆ ಕಂಪ್ಯೂಟರಿನಲ್ಲಿ ಯಾವುದೋ ಸೆಟ್ಟಿಂಗ್ ಬದಲಾಗಿರುತ್ತದೆ. ಬೆಳಕು ಹೋಗಿ ಬರುವ ದಾರಿ ಗೊತ್ತಿದ್ದರೆ ಈ ಮೂರನ್ನೂ ನೀವೇ ಕಂಡುಹಿಡಿಯಬಹುದು.

ದಿನಸಿ ಅಂಗಡಿ, ಮೆಡಿಕಲ್ ಸ್ಟೋರ್, ಪುಸ್ತಕದಂಗಡಿ, ಊರಿನ ಲೈಬ್ರರಿ ನಡೆಸುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಮನೆಯ ಹಳೆಯ ಕಾಗದಪತ್ರ ಸ್ಕ್ಯಾನ್ ಮಾಡಬೇಕು ಅನ್ನುವವರು ಕೊನೆಯ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೂ ಮೊದಲ ಹಂತ ಓದಿಕೊಂಡು ಹೋಗಿ, ಎಲ್ಲದಕ್ಕೂ ಅದೇ ಬುನಾದಿ.

ಹಂತ 1: ಬೆಳಕು ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ಬಾರ್‌ಕೋಡ್ ರೀಡರ್ ಯಾವುದೇ ಇರಲಿ, ಕೆಲಸ ಒಂದೇ. ಬೆಳಕು ಬಿಡುತ್ತದೆ. ಎಷ್ಟು ಬೆಳಕು ವಾಪಸ್ ಬಂತು ಅಂತ ಅಳೆಯುತ್ತದೆ. ಆ ಅಳತೆಯನ್ನು ಅಂಕಿಯಾಗಿ ಬದಲಿಸುತ್ತದೆ. ಬಿಳಿ ಕಾಗದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಶಾಯಿ ನುಂಗುತ್ತದೆ. ಒಳಗೆ ಫೋಟೋಡಯೋಡ್ ಎಂಬ ಪುಟ್ಟ ಭಾಗವಿದೆ. ಬೆಳಕು ಬಿದ್ದರೆ ಅದರಲ್ಲಿ ಕರೆಂಟ್ ಹುಟ್ಟುತ್ತದೆ. ಬಿಳಿ ಸಂದಿನ ಮೇಲೆ ಹಾದಾಗ ಕರೆಂಟ್ ಏರುತ್ತದೆ, ಕಪ್ಪು ಗೆರೆಯ ಮೇಲೆ ಇಳಿಯುತ್ತದೆ. ಆ ಏರಿಳಿತವೇ ಬಾರ್‌ಕೋಡಿನ ಓದು.

ರೀಡರ್ ಗೆರೆಯ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುವುದಿಲ್ಲ. ಒಂದು ಗೆರೆಗಿಂತ ಇನ್ನೊಂದು ಎಷ್ಟು ಪಟ್ಟು ಅಗಲ ಅನ್ನುವುದನ್ನಷ್ಟೇ ನೋಡುತ್ತದೆ. ಅದಕ್ಕೇ ಪ್ಯಾಕನ್ನು ಸ್ವಲ್ಪ ಹತ್ತಿರ ಹಿಡಿದರೂ, ದೂರ ಹಿಡಿದರೂ ಉತ್ತರ ಒಂದೇ ಬರುತ್ತದೆ.

ಬೆಳಕಿನ ಬಣ್ಣವೂ ಮುಖ್ಯ. ಲೇಸರ್ ರೀಡರ್‌ಗಳಲ್ಲಿ, ಹೆಚ್ಚಿನ ಎಲ್‌ಇಡಿ ರೀಡರ್‌ಗಳಲ್ಲಿ ಇರುವುದು ಕೆಂಪು ಬೆಳಕು. ಅದರ ತರಂಗ ಸುಮಾರು 650 ನ್ಯಾನೋಮೀಟರ್. ಕೆಂಪು ಬೆಳಕಿಗೆ ಕೆಂಪು ಶಾಯಿ ಬಿಳಿಯ ಹಾಗೇ ಕಾಣುತ್ತದೆ. ಬಿಳಿ ಕಾಗದದ ಮೇಲೆ ಕೆಂಪು ಗೆರೆ ಹಾಕಿದರೆ ನಮ್ಮ ಕಣ್ಣಿಗೆ ಚೆಂದ, ಯಂತ್ರಕ್ಕೆ ಖಾಲಿ ಕಾಗದ! ಕಪ್ಪು, ಕಡು ನೀಲಿ, ಕಡು ಹಸಿರು ಗೆರೆಗಳು ಸರಿ. ಹಿನ್ನೆಲೆ ಬಿಳಿ, ಹಳದಿ, ಕಿತ್ತಳೆ ಇರಬಹುದು, ಕೆಂಪಾದರೂ ನಡೆಯುತ್ತದೆ. ಉಪ್ಪಿನಕಾಯಿ ಬಾಟಲಿಗೋ ಮಸಾಲೆ ಪುಡಿಗೋ ಸ್ವಂತ ಲೇಬಲ್ ಮಾಡಿಸುವ ಚಿಕ್ಕ ಉದ್ದಿಮೆಯವರು ಇದನ್ನು ಡಿಸೈನ್ ಮಾಡುವವರಿಗೆ ಮೊದಲೇ ಹೇಳಿಬಿಡಿ. ಸಾವಿರಾರು ಲೇಬಲ್ ಪ್ರಿಂಟ್ ಆದಮೇಲೆ ಗೊತ್ತಾದರೆ ಆ ನಷ್ಟ ನೋಡಲಾಗದು.

ಪರೀಕ್ಷೆಗಳ ಹಲವು ಓಎಂಆರ್ ಹಾಳೆಗಳಲ್ಲಿ ವೃತ್ತಗಳನ್ನು ತಿಳಿ ಗುಲಾಬಿ ಅಥವಾ ಕೆಂಪಿನಲ್ಲಿ ಅಚ್ಚು ಹಾಕುವುದೂ ಇದೇ ಕಾರಣಕ್ಕೆ. ಕೆಂಪು ಬೆಳಕಿನ ಸ್ಕ್ಯಾನರಿಗೆ ಮುದ್ರಿತ ವೃತ್ತ ಕಾಣುವುದಿಲ್ಲ, ವಿದ್ಯಾರ್ಥಿ ಕಪ್ಪು ಅಥವಾ ನೀಲಿ ಪೆನ್ನಿನಲ್ಲಿ ತುಂಬಿದ್ದು ಮಾತ್ರ ಕಾಣುತ್ತದೆ.

ಹಂತ 2: ಒಂದು ಬಿಸ್ಕತ್ ಪ್ಯಾಕ್ ಕೈಗೆತ್ತಿಕೊಳ್ಳಿ

ಪ್ಯಾಕಿನ ಹಿಂಬದಿ ತಿರುಗಿಸಿ. ಕೆಳಗೆ 13 ಅಂಕಿ ಇರುವ ಈ ಕೋಡಿನ ಹೆಸರು ಇಎಎನ್-13. ಎಡ ತುದಿ, ನಡು ಮತ್ತು ಬಲ ತುದಿಯಲ್ಲಿ ಎರಡೆರಡು ತೆಳು ಗೆರೆಗಳು ಉಳಿದವಕ್ಕಿಂತ ಸ್ವಲ್ಪ ಕೆಳಗೆ ಇಳಿದಿರುತ್ತವೆ. ಅವು ಕಾವಲು ಗೆರೆಗಳು. ತುದಿಯಲ್ಲಿ ಒಂದು ಗೆರೆ, ಒಂದು ಸಂದು, ಮತ್ತೆ ಒಂದು ಗೆರೆ, ಮೂರೂ ಒಂದೇ ಅಗಲ. ಆ ಅತಿ ತೆಳು ಗೆರೆಯ ಅಗಲವನ್ನು ಒಂದು ಮನೆ ಅನ್ನೋಣ. ಅದನ್ನು ನೋಡಿದ ಕೂಡಲೇ ರೀಡರಿಗೆ ಈ ಲೇಬಲ್ಲಿನಲ್ಲಿ ಒಂದು ಮನೆ ಎಷ್ಟು ಅಗಲ ಅಂತ ಗೊತ್ತಾಗುತ್ತದೆ. ಇಡೀ ಕೋಡ್ 95 ಮನೆಗಳಷ್ಟು ಉದ್ದ. ಪ್ರತಿ ಅಂಕಿಗೆ 7 ಮನೆ. ಆ ಏಳರಲ್ಲಿ ಎರಡು ಗೆರೆ, ಎರಡು ಸಂದು. ಅಗಲ ಯಾವ ಕ್ರಮದಲ್ಲಿದೆ ಅನ್ನುವುದೇ ಅಂಕಿ.

ಲೆಕ್ಕ ಹಾಕಿ ನೋಡಿ. ಮೂರು ಕಡೆಯ ಕಾವಲಿಗೆ 3, 5, 3 ಒಟ್ಟು 11 ಮನೆ ಕಳೆದರೆ ಉಳಿಯುವುದು 84. ಏಳರಿಂದ ಭಾಗಿಸಿದರೆ 12. ಅಂದರೆ ಗೆರೆಗಳಲ್ಲಿ ಇರುವುದು 12 ಅಂಕಿ ಮಾತ್ರ! ಮೊದಲನೆಯ ಅಂಕಿ ಗೆರೆಯಾಗಿ ಎಲ್ಲೂ ಇಲ್ಲ. ಎಡಭಾಗದ ಅಂಕಿಗಳನ್ನು ಎರಡು ಬಗೆಯಲ್ಲಿ ಬರೆಯಬಹುದು. ಯಾವುದು ಯಾವ ಬಗೆಯಲ್ಲಿದೆ ಅನ್ನುವ ಕ್ರಮವೇ ಮೊದಲ ಅಂಕಿಯನ್ನು ಹೇಳುತ್ತದೆ. ಅಮೆರಿಕದ 12 ಅಂಕಿಯ ಯುಪಿಸಿ ಕೋಡ್ ಮೊದಲು ಬಂದಿತ್ತು. ಅದರ ಗೆರೆಗಳ ಉದ್ದ ಬದಲಿಸದೆ ಇನ್ನೊಂದು ಅಂಕಿ ಸೇರಿಸಲು ಈ ದಾರಿ ಹುಡುಕಿದರು. ಇಂಥ ಜಾಣತನ ಕಂಡಾಗ ನನಗೆ ತುಂಬಾ ಖುಷಿಯಾಗುತ್ತದೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಬರವಣಿಗೆ ಇರುವುದರಿಂದ ಇನ್ನೊಂದು ಲಾಭವೂ ಇದೆ. ಪ್ಯಾಕ್ ತಲೆಕೆಳಗಾಗಿದ್ದರೂ ರೀಡರ್ ಸರಿಯಾಗಿ ಓದುತ್ತದೆ.

ಈ ಗೆರೆಗಳ ಕಲ್ಪನೆ ಹುಟ್ಟಿದ್ದು ಮಯಾಮಿಯ ಕಡಲ ತೀರದ ಮರಳಿನಲ್ಲಿ. ಜೋಸೆಫ್ ವುಡ್‌ಲ್ಯಾಂಡ್ ಮೋರ್ಸ್ ಕೋಡಿನ ಚುಕ್ಕೆ, ಗೀಟುಗಳನ್ನು ಬೆರಳಿನಿಂದ ಕೆಳಗೆ ಎಳೆದಾಗ ತೆಳು ಗೆರೆ, ದಪ್ಪ ಗೆರೆ ಮೂಡಿದವು. ಅವರಿಗೂ ಬರ್ನಾರ್ಡ್ ಸಿಲ್ವರ್ ಅವರಿಗೂ 1952ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಲೇಸರ್ ಆಗಲಿ, ಅಗ್ಗದ ಕಂಪ್ಯೂಟರ್ ಆಗಲಿ ಆಗ ಇರಲಿಲ್ಲ. ಅಂಗಡಿಯಲ್ಲಿ ಯುಪಿಸಿ ಕೋಡ್ ಮೊದಲ ಸಲ ಸ್ಕ್ಯಾನ್ ಆಗಿದ್ದು 1974ರ ಜೂನ್ 26ರಂದು, ಓಹಾಯೋದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ. ವಸ್ತು, ಒಂದು ಪ್ಯಾಕ್ ಚ್ಯೂಯಿಂಗ್ ಗಮ್.

ಈಗ ಕೊನೆಯ ಅಂಕಿಗೆ ಬನ್ನಿ. ಅದು ತಾಳೆ ನೋಡುವ ಅಂಕಿ. ಉದಾಹರಣೆಗೆ 890123456789 ಅಂತ 12 ಅಂಕಿ ಇದೆ ಅಂದುಕೊಳ್ಳಿ. ಎಡದಿಂದ 1, 3, 5, 7, 9, 11ನೇ ಸ್ಥಾನದ ಅಂಕಿ ಕೂಡಿಸಿ: 8+0+2+4+6+8 = 28. ಉಳಿದವನ್ನು ಕೂಡಿಸಿ ಮೂರರಿಂದ ಗುಣಿಸಿ: 9+1+3+5+7+9 = 34, ಮೂರರಿಂದ 102. ಒಟ್ಟು 130. ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆ? ಸೊನ್ನೆ. ಹಾಗಾಗಿ 13ನೇ ಅಂಕಿ 0. ನಡುವೆ ಒಂದು ಅಂಕಿ ತಪ್ಪಾಗಿ ಓದಿದರೂ ಲೆಕ್ಕ ತಾಳೆಯಾಗುವುದಿಲ್ಲ, ರೀಡರ್ ಬೀಪ್ ಅನ್ನುವುದಿಲ್ಲ. ಅದು ತಪ್ಪು ಓದುವುದಕ್ಕಿಂತ ಓದದೆ ಸುಮ್ನೆ ಇರುವುದೇ ಒಳ್ಳೆಯದು, ಅಲ್ವಾ?

ಇನ್ನೆರಡು ತಪ್ಪು ತಿಳಿವಳಿಕೆ ಇಲ್ಲೇ ಬಿಡಿಸಿಕೊಳ್ಳಿ. 890 ಅಂದರೆ ಭಾರತದಲ್ಲಿ ತಯಾರಾದ ವಸ್ತು ಅಂತಲ್ಲ. ಆ ಕಂಪನಿ, ಬಾರ್‌ಕೋಡ್ ನಂಬರ್ ಹಂಚುವ ಜಿಎಸ್1 ಇಂಡಿಯಾ ಸಂಸ್ಥೆಯಲ್ಲಿ ನಂಬರ್ ಪಡೆದಿದೆ ಅಂತ ಅಷ್ಟೇ. ಎರಡನೆಯದು ಇನ್ನೂ ಮುಖ್ಯ: ಈ ಕೋಡಿನಲ್ಲಿ ಬೆಲೆ ಇಲ್ಲ. ಬೆಲೆ ಇರುವುದು ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಪಟ್ಟಿಯಲ್ಲಿ. ಹಳೆಯ ಎಂಆರ್‌ಪಿಯ ಸ್ಟಾಕ್, ಹೊಸ ಎಂಆರ್‌ಪಿಯ ಸ್ಟಾಕ್ ಎರಡಕ್ಕೂ ಕೋಡ್ ಒಂದೇ ಇರುವುದು ಸಾಮಾನ್ಯ. ಹಾಗಿದ್ದಾಗ ಬಿಲ್ ಮಾಡುವವರು ಪ್ಯಾಕಿನ ಮೇಲಿನ ಬೆಲೆ ಕಣ್ಣಿನಿಂದ ನೋಡಲೇಬೇಕು. ಗಿರಾಕಿಯ ಜೊತೆ ಆಗುವ ಅರ್ಧ ಜಗಳ ಇಲ್ಲೇ ಹುಟ್ಟುವುದು.

ಹಂತ 3: ಚೌಕದ ಕೋಡ್ ಬೇರೆ ಜಾತಿ

ಗೆರೆಗಳ ಕೋಡ್ ಓದಲು ಅಡ್ಡಲಾಗಿ ಒಂದೇ ಒಂದು ಗೆರೆಯಷ್ಟು ನೋಟ ಸಾಕು. ಎತ್ತರ ಇರುವುದು ಅನುಕೂಲಕ್ಕೆ. ಒಂದು ಕಡೆ ಹರಿದಿದ್ದರೆ ಇನ್ನೊಂದು ಕಡೆ ಓದಲಿ ಅಂತ. ಕ್ಯೂಆರ್ ಕೋಡಿನಲ್ಲಿ ಮಾಹಿತಿ ಅಡ್ಡಕ್ಕೂ ಉದ್ದಕ್ಕೂ ಹರಡಿರುತ್ತದೆ. ಅದಕ್ಕೆ ಇಡೀ ಚಿತ್ರವೇ ಬೇಕು, ಅಂದರೆ ಕ್ಯಾಮೆರಾ ಬೇಕು.

ಕ್ಯೂಆರ್ ಕೋಡನ್ನು 1994ರಲ್ಲಿ ರೂಪಿಸಿದವರು ಜಪಾನಿನ ಡೆನ್ಸೋ ಕಂಪನಿಯಲ್ಲಿದ್ದ ಮಸಾಹಿರೋ ಹಾರಾ ಮತ್ತು ಅವರ ತಂಡ. ಕಾರಿನ ಬಿಡಿಭಾಗಗಳ ಪೆಟ್ಟಿಗೆಗಳ ಮೇಲೆ ಹಲವು ಬಾರ್‌ಕೋಡ್ ಇರುತ್ತಿದ್ದವು. ಒಂದೊಂದನ್ನೇ ಓದಿಸಿ ಕೆಲಸಗಾರರು ಸುಸ್ತಾಗುತ್ತಿದ್ದರು. ಒಂದೇ ಸಲಕ್ಕೆ ಎಲ್ಲ ಓದುವ ಕೋಡ್ ಬೇಕಿತ್ತು. ಕೋಡ್ ಎಲ್ಲಿದೆ ಅಂತ ಯಂತ್ರ ಥಟ್ಟನೆ ಹುಡುಕುವುದು ಹೇಗೆ? ಮೂರು ಮೂಲೆಯಲ್ಲಿ ಚೌಕಗಳಿವೆಯಲ್ಲ, ಉತ್ತರ ಅದೇ. ಆ ಚೌಕದ ನಡುವೆ ಯಾವ ದಿಕ್ಕಿನಿಂದ ಗೆರೆ ಎಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು 1:1:3:1:1 ಪ್ರಮಾಣದಲ್ಲೇ ಸಿಗುತ್ತದೆ. ಪತ್ರಿಕೆ, ಕರಪತ್ರ, ರಟ್ಟಿನ ಪೆಟ್ಟಿಗೆಗಳ ಅಚ್ಚನ್ನೆಲ್ಲ ಜಾಲಾಡಿ, ಬೇರೆಲ್ಲೂ ಅಷ್ಟಾಗಿ ಕಾಣದ ಪ್ರಮಾಣ ಯಾವುದು ಅಂತ ಹುಡುಕಿ ಇದನ್ನು ಆರಿಸಿದರು. ಮೂರೇ ಮೂಲೆಯಲ್ಲಿ ಇರುವುದರಿಂದ ಮೇಲು ಕೆಳಗು ಯಾವುದು ಅಂತಲೂ ಯಂತ್ರಕ್ಕೆ ತಿಳಿಯುತ್ತದೆ.

ಅಂಗಡಿಯ ಯುಪಿಐ ಸ್ಟಿಕ್ಕರಿನ ನಡುವೆ ಲೋಗೋ ಕೂತಿದ್ದರೂ ಫೋನ್ ಓದುತ್ತದೆ. ಕಾರಣ, ಕ್ಯೂಆರ್‌ನಲ್ಲಿ ತಪ್ಪು ತಿದ್ದಿಕೊಳ್ಳುವ ಹೆಚ್ಚುವರಿ ಮಾಹಿತಿ ಸೇರಿರುತ್ತದೆ. ನಾಲ್ಕು ಮಟ್ಟಗಳಿವೆ: ಸುಮಾರು ಶೇ. 7, 15, 25, 30ರಷ್ಟು ಹಾಳಾದರೂ ಓದಬಹುದು. ಬಿಸಿಲು, ಮಳೆ ತಾಗುವ ಕಡೆ ಅಂಟಿಸುವುದಾದರೆ ಮೇಲಿನ ಮಟ್ಟ ಆರಿಸಿ. ಆದರೆ ಮೂಲೆಯ ಚೌಕ ಹರಿದುಹೋದರೆ ಈ ತಿದ್ದುಪಡಿಯನ್ನು ನಂಬಬೇಡಿ. ಕೋಡ್ ಎಲ್ಲಿದೆ ಅಂತಲೇ ಯಂತ್ರಕ್ಕೆ ಸಿಗದೆ ಹೋಗಬಹುದು.

ಹಂತ 4: ನಿಮ್ಮ ಕೆಲಸಕ್ಕೆ ತಕ್ಕ ರೀಡರ್ ಆರಿಸಿ

ಲೇಸರ್ ರೀಡರ್. ಕೆಂಪು ಲೇಸರಿನ ಒಂದು ಚುಕ್ಕೆಯನ್ನು ಒಳಗಿನ ಪುಟ್ಟ ಕನ್ನಡಿ ಅತ್ತಿತ್ತ ವೇಗವಾಗಿ ಆಡಿಸುತ್ತದೆ. ನಮಗೆ ಅದು ಗೆರೆಯಾಗಿ ಕಾಣುತ್ತದೆ. ದೂರದಿಂದ ಓದುವುದರಲ್ಲಿ ಒಳ್ಳೆಯದು, ಗೋಡೌನಿಗೆ ಈಗಲೂ ಸರಿ. ಆದರೆ ಒಳಗೆ ಅಲುಗಾಡುವ ಭಾಗ ಇರುವುದರಿಂದ ಕೆಳಗೆ ಬಿದ್ದರೆ ಬೇಗ ಕೆಡುತ್ತದೆ. ಕ್ಯೂಆರ್ ಓದುವುದಿಲ್ಲ. ಮೊಬೈಲ್ ಪರದೆಯ ಮೇಲಿನ ಬಾರ್‌ಕೋಡನ್ನೂ ಸಾಮಾನ್ಯವಾಗಿ ಓದುವುದಿಲ್ಲ. ಯಾಕೆಂದರೆ ಪರದೆ ತನ್ನದೇ ಬೆಳಕು ಬಿಡುತ್ತದೆ, ಲೇಸರನ್ನು ಕಾಗದದ ಹಾಗೆ ವಾಪಸ್ ಕಳಿಸುವುದಿಲ್ಲ. ಲೇಸರನ್ನು ಯಾರ ಕಣ್ಣಿಗೂ ಹಿಡಿಯಬೇಡಿ, ಕೌಂಟರ್ ಹತ್ತಿರ ಮಕ್ಕಳು ನಿಂತಿರುತ್ತಾರೆ.

ಸಿಸಿಡಿ ರೀಡರ್, ಅಂದರೆ ಒಂದೇ ಸಾಲಿನ ಇಮೇಜರ್. ಇದರಲ್ಲಿ ಆಡುವ ಕನ್ನಡಿ ಇಲ್ಲ. ಎಲ್‌ಇಡಿ ಬೆಳಕು ಇಡೀ ಕೋಡಿನ ಮೇಲೆ ಒಮ್ಮೆಗೇ ಬೀಳುತ್ತದೆ. ಸಾಲಾಗಿ ಜೋಡಿಸಿದ ಸಾವಿರಾರು ಬೆಳಕಿನ ಕಣ್ಣುಗಳು ಒಟ್ಟಿಗೆ ಓದುತ್ತವೆ. ಗಟ್ಟಿಮುಟ್ಟು, ಬೆಲೆ ಕಡಿಮೆ, ಆದರೆ ಹತ್ತಿರ ಹಿಡಿಯಬೇಕು. ಬರೀ ಪ್ಯಾಕ್ ವಸ್ತು ಮಾರುವ ಚಿಕ್ಕ ಅಂಗಡಿಗೆ ಇಷ್ಟು ಸಾಕು.

ಟುಡಿ ಇಮೇಜರ್. ಇದು ಕ್ಯಾಮೆರಾ. ಫೋಟೋ ತೆಗೆದು ಅದರಲ್ಲಿ ಕೋಡ್ ಹುಡುಕುತ್ತದೆ. ಗೆರೆಯ ಕೋಡ್, ಕ್ಯೂಆರ್, ಡೇಟಾ ಮ್ಯಾಟ್ರಿಕ್ಸ್ (ಇನ್ನೊಂದು ಬಗೆಯ ಚೌಕದ ಕೋಡ್) ಎಲ್ಲ ಓದುತ್ತದೆ. ಯಾವ ಕೋನದಲ್ಲಿ ಹಿಡಿದರೂ ಸರಿ, ಮೊಬೈಲ್ ಪರದೆಯಾದರೂ ಸರಿ. ನಮ್ಮ ಮೆಟ್ರೋ ಗೇಟಿನಲ್ಲಿ ಮೊಬೈಲಿನ ಕ್ಯೂಆರ್ ಟಿಕೆಟ್ ಓದುವುದೂ ಇದೇ ಜಾತಿಯ ಯಂತ್ರ.

ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಟುಡಿ ಇಮೇಜರ್. ಬೆಲೆ ಸ್ವಲ್ಪ ಜಾಸ್ತಿ ನಿಜ. ಆದರೆ ಗೆರೆಯ ಕೋಡ್ ಮಾತ್ರ ಓದುವ ಯಂತ್ರ ತಂದು ವರ್ಷದೊಳಗೆ ಪಶ್ಚಾತ್ತಾಪ ಪಡುವುದಕ್ಕಿಂತ ಇದು ಮೇಲು. ಮೆಡಿಕಲ್ ಸ್ಟೋರಿನವರಂತೂ ಬೇರೆ ಯೋಚನೆಯನ್ನೇ ಮಾಡಬೇಡಿ. 2023ರ ಆಗಸ್ಟ್ 1ರಿಂದ 300 ಔಷಧ ಬ್ರಾಂಡ್‌ಗಳ ಲೇಬಲ್ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕಡ್ಡಾಯವಾಗಿದೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಕು ಎಲ್ಲ ಅದರಲ್ಲೇ ಇರುತ್ತದೆ. ಕ್ಯೂಆರ್ ಇದ್ದ ಕಡೆ ಲೇಸರ್ ರೀಡರ್ ಏನೂ ಮಾಡಲಾರದು.

ದೊಡ್ಡ ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ ಹೂತಿಟ್ಟ ಗಾಜಿನ ರೀಡರ್ ನೋಡಿರುತ್ತೀರಿ. ಅದರಲ್ಲಿ ಲೇಸರ್ ಹಲವು ಕನ್ನಡಿಗಳಿಗೆ ಬಡಿದು ನಕ್ಷತ್ರದ ಹಾಗೆ ಎಲ್ಲ ದಿಕ್ಕಿಗೂ ಗೆರೆ ಎಳೆಯುತ್ತದೆ. ವಸ್ತು ಹೇಗೆ ಸರಿಸಿದರೂ ಯಾವುದೋ ಒಂದು ಗೆರೆ ಕೋಡನ್ನು ಪೂರ್ತಿ ದಾಟುತ್ತದೆ. ದಿನಕ್ಕೆ ನೂರಾರು ಬಿಲ್ ಆಗುವ ಕಡೆ ಮಾತ್ರ ಇದಕ್ಕೆ ದುಡ್ಡು ಹಾಕಿ. ಫಾಸ್ಟ್ಯಾಗ್ ಓದುವ ಟೋಲ್ ಯಂತ್ರ ಈ ಕುಟುಂಬಕ್ಕೇ ಸೇರಿದ್ದಲ್ಲ. ಅದು ರೇಡಿಯೋ ಅಲೆ, ಬೆಳಕಲ್ಲ.

ಹಂತ 5: ಕಂಪ್ಯೂಟರಿಗೆ ಜೋಡಿಸಿ, ನೋಟ್‌ಪ್ಯಾಡ್ ತೆರೆಯಿರಿ

ಯುಎಸ್‌ಬಿ ರೀಡರನ್ನು ಜೋಡಿಸಿದರೆ ಕಂಪ್ಯೂಟರ್ ಅದನ್ನು ಸಾಮಾನ್ಯವಾಗಿ ಕೀಬೋರ್ಡ್ ಅಂತಲೇ ತಿಳಿಯುತ್ತದೆ. ರೀಡರ್ 13 ಅಂಕಿಯನ್ನು ಟೈಪ್ ಮಾಡಿ, ಕೊನೆಗೆ ಎಂಟರ್ ಒತ್ತುತ್ತದೆ. ಅಷ್ಟೇ. ಹಾಗಾಗಿ ಬಿಲ್ಲಿಂಗ್ ಸಾಫ್ಟ್‌ವೇರಿನವರಿಗೆ ಫೋನ್ ಮಾಡುವ ಮೊದಲು ನೋಟ್‌ಪ್ಯಾಡ್ ತೆರೆದು ಒಂದು ಪ್ಯಾಕ್ ಸ್ಕ್ಯಾನ್ ಮಾಡಿ. ಅಂಕಿ ಮೂಡಿ ಕರ್ಸರ್ ಮುಂದಿನ ಸಾಲಿಗೆ ಹೋದರೆ ರೀಡರ್ ಚೆನ್ನಾಗಿದೆ. ತೊಂದರೆ ಸಾಫ್ಟ್‌ವೇರಿನಲ್ಲಿದೆ. ಅಂಕಿ ಬಂದು ಕರ್ಸರ್ ಅಲ್ಲೇ ನಿಂತರೆ ಎಂಟರ್ ಸೆಟ್ಟಿಂಗ್ ಹೋಗಿದೆ. ರೀಡರ್ ಜೊತೆ ಬಂದ ಪುಸ್ತಿಕೆಯಲ್ಲಿ ಅದಕ್ಕೇ ಒಂದು ಬಾರ್‌ಕೋಡ್ ಅಚ್ಚಾಗಿರುತ್ತದೆ. ಅದನ್ನು ಒಮ್ಮೆ ಓದಿಸಿದರೆ ಸರಿಹೋಗುತ್ತದೆ. ರೀಡರಿನ ಎಲ್ಲ ಸೆಟ್ಟಿಂಗೂ ಹೀಗೆ ಬಾರ್‌ಕೋಡ್ ಓದಿಸಿಯೇ ಬದಲಿಸುವುದು. ಆ ಪುಸ್ತಿಕೆಯನ್ನು ಪೆಟ್ಟಿಗೆಯ ಜೊತೆ ಬಿಸಾಡಬೇಡಿ, ಬಿಲ್ ಬುಕ್ ಇಡುವ ಕಡೆ ಇಡಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಕಂಪ್ಯೂಟರಿನಲ್ಲಿ ಕನ್ನಡ ಕೀಬೋರ್ಡ್ ಆನ್ ಆಗಿದ್ದಾಗ ಇಂಗ್ಲಿಷ್ ಅಕ್ಷರ ಇರುವ ಕೋಡ್ ಓದಿಸಿದರೆ ಏನೇನೋ ಕನ್ನಡ ಅಕ್ಷರ ಬೀಳುತ್ತದೆ. ರೀಡರ್ ಕಳಿಸಿದ್ದು ಬರೀ ಕೀಲಿಯ ಸಂಖ್ಯೆ. ಅದಕ್ಕೆ ಯಾವ ಅಕ್ಷರ ಅಂತ ತೀರ್ಮಾನಿಸುವುದು ಕಂಪ್ಯೂಟರ್. ಪುಸ್ತಕದ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಹಾಗೇ ನಂಬರ್ ಸ್ಕ್ಯಾನ್ ಮಾಡಲು ಹೋಗುವ ಲೈಬ್ರರಿಗಳಲ್ಲಿ ಇದು ಆಗುತ್ತದೆ. ಸ್ಕ್ಯಾನ್ ಮಾಡುವ ಮೊದಲು ಇಂಗ್ಲಿಷಿಗೆ ಬದಲಿಸಿ. ಕ್ಯಾಪ್ಸ್ ಲಾಕ್ ಕೂಡ ನೋಡಿ, ಅದು ಆನ್ ಇದ್ದರೆ ಕೆಲವು ರೀಡರ್‌ಗಳಲ್ಲಿ ದೊಡ್ಡಕ್ಷರ ಚಿಕ್ಕದಾಗುತ್ತದೆ.

ಎಕ್ಸೆಲ್‌ನಲ್ಲಿ ಸ್ಟಾಕ್ ಬರೆಯುವವರು ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿಕೊಳ್ಳಿ. ಇಲ್ಲದಿದ್ದರೆ 13 ಅಂಕಿಯ ಕೋಡ್ 8.90ಇ+12 ಅಂತ ಕಾಣುತ್ತದೆ. ಸೊನ್ನೆಯಿಂದ ಶುರುವಾಗುವ ಕೋಡಿನ ಸೊನ್ನೆ ಹಾರಿಹೋಗುತ್ತದೆ.

ಹಂತ 6: ಸ್ವಂತ ಲೇಬಲ್ ಮಾಡುವಾಗ

ಬಿಡಿ ತೊಗರಿಬೇಳೆಯನ್ನು ಅರ್ಧ ಕಿಲೋ ಪ್ಯಾಕ್ ಮಾಡಿ ಇಡುತ್ತೀರಿ. ಅದಕ್ಕೆ ಕಂಪನಿ ಕೋಡ್ ಇಲ್ಲ. ನಿಮ್ಮ ಅಂಗಡಿಯೊಳಗೆ ಮಾತ್ರ ಬಳಸುವುದಾದರೆ 20ರಿಂದ 29ರವರೆಗಿನ ಅಂಕಿಯಿಂದ ಶುರುವಾಗುವ ಇಎಎನ್-13 ಕೋಡ್ ಹಾಕಿಕೊಳ್ಳಿ. ಆ ಸಾಲನ್ನು ಒಳಬಳಕೆಗೇ ಬಿಟ್ಟಿದ್ದಾರೆ, ಯಾವ ಕಂಪನಿಯ ವಸ್ತುವಿಗೂ ಡಿಕ್ಕಿಯಾಗುವುದಿಲ್ಲ. ಬೇರೆ ಅಂಗಡಿಗಳಿಗೂ ವಸ್ತು ಕೊಡುವವರು ಮಾತ್ರ ಜಿಎಸ್1 ಇಂಡಿಯಾದಿಂದಲೇ ನಂಬರ್ ಪಡೆಯಬೇಕು.

ಲೈಬ್ರರಿಯವರಿಗೆ ಒಂದು ಮಾತು. ಪುಸ್ತಕದ ಹಿಂಬದಿಯ 978ರಿಂದ ಶುರುವಾಗುವ ಕೋಡ್ ಐಎಸ್‌ಬಿಎನ್. ಒಂದು ಮುದ್ರಣದ ಎಲ್ಲ ಪ್ರತಿಗಳಿಗೂ ಅದು ಒಂದೇ. ನಿಮ್ಮಲ್ಲಿ ಅದೇ ಪುಸ್ತಕದ ಐದು ಪ್ರತಿ ಇದ್ದರೆ ಯಾರು ಯಾವುದನ್ನು ಒಯ್ದರು ಅಂತ ಅದರಿಂದ ಗೊತ್ತಾಗುವುದಿಲ್ಲ. ಪ್ರತಿ ಪ್ರತಿಗೂ ನಿಮ್ಮದೇ ನಂಬರಿನ ಲೇಬಲ್ ಬೇಕು. ಅದಕ್ಕೆ ಅಂಕಿಯ ಜೊತೆ ಇಂಗ್ಲಿಷ್ ಅಕ್ಷರವನ್ನೂ ಬರೆಯಬಲ್ಲ ಕೋಡ್ 128 ಎಂಬ ಗೆರೆಯ ಕೋಡ್ ಒಳ್ಳೆಯದು. ಅಂಥದ್ದೇ ಇನ್ನೊಂದು ಕೋಡ್ 39 ಹಳೆಯದು, ಜಾಗ ಜಾಸ್ತಿ ತಿನ್ನುತ್ತದೆ.

ಈಗ ಪ್ರಿಂಟರ್. ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವ ಲೇಬಲ್ ಪ್ರಿಂಟರ್ 203 ಡಿಪಿಐ (ಇಂಚಿಗೆ 203 ಚುಕ್ಕೆ), ಅಂದರೆ ಮಿಲಿಮೀಟರಿಗೆ 8 ಚುಕ್ಕೆ. ಇಎಎನ್-13ರಲ್ಲಿ ಒಂದು ಮನೆಯ ಮೂಲ ಅಗಲ 0.33 ಮಿ.ಮೀ. ಅಷ್ಟಕ್ಕೆ ಎಷ್ಟು ಚುಕ್ಕೆ ಬೇಕು? 2.64. ಆದರೆ ಪ್ರಿಂಟರಿಗೆ ಮುಕ್ಕಾಲು ಚುಕ್ಕೆ, ಅರ್ಧ ಚುಕ್ಕೆ ಹಾಕಲು ಬರುವುದಿಲ್ಲ. ಕೋಡನ್ನು ಚಿತ್ರವಾಗಿ ತಂದು ಮೌಸಿನಿಂದ ಎಳೆದು ಸಣ್ಣದು ಮಾಡಿದರೆ ಆಗುವುದು ಇದೇ. ಒಂದು ಗೆರೆಗೆ 2 ಚುಕ್ಕೆ, ಪಕ್ಕದ್ದಕ್ಕೆ 3. ಕಣ್ಣಿಗೆ ತಿಳಿಯುವುದಿಲ್ಲ, ಆದರೆ ಪ್ರಮಾಣ ಕೆಟ್ಟಿರುತ್ತದೆ. ಹಾಗಾಗಿ ಲೇಬಲ್ ಸಾಫ್ಟ್‌ವೇರಿನಲ್ಲೇ ಕೋಡ್ ಮಾಡಿ, ಮನೆಗೆ 3 ಚುಕ್ಕೆ ಅಂತ ಕೊಡಿ. ಆಗ ಅಗಲ 0.375 ಮಿ.ಮೀ. ಮೂಲ ಅಳತೆಯ ಶೇ. 80ರಿಂದ 200ರವರೆಗೆ ಅವಕಾಶ ಇದೆ, ಇದು ಸುಮಾರು ಶೇ. 114, ಏನೂ ತೊಂದರೆ ಇಲ್ಲ. 2 ಚುಕ್ಕೆ ಕೊಟ್ಟರೆ ಶೇ. 76ಕ್ಕೆ ಇಳಿಯುತ್ತದೆ, ಮಿತಿಗಿಂತ ಕೆಳಗೆ. ಹೊಸ ಇಮೇಜರ್ ಹೇಗೋ ಓದಬಹುದು, ಇನ್ನೊಬ್ಬರ ಹಳೆಯ ರೀಡರ್ ಓದದು.

ಕೋಡಿನ ಎರಡೂ ಬದಿ ಖಾಲಿ ಬಿಳಿ ಜಾಗ ಬಿಡಲೇಬೇಕು. ಎಡಕ್ಕೆ 11 ಮನೆಯಷ್ಟು, ಬಲಕ್ಕೆ 7 ಮನೆಯಷ್ಟು. ಕೋಡ್ ಎಲ್ಲಿ ಶುರು, ಎಲ್ಲಿ ಮುಗಿತು ಅಂತ ರೀಡರಿಗೆ ಗೊತ್ತಾಗುವುದು ಆ ಖಾಲಿ ಜಾಗದಿಂದಲೇ. ಓದದ ಲೇಬಲ್ ಯಾರಾದರೂ ತೋರಿಸಿದರೆ ನಾನು ಮೊದಲು ನೋಡುವುದು ಇದನ್ನೇ. ಚೆಂದಕ್ಕೆ ಅಂತ ಕೋಡಿಗೆ ಒತ್ತಿ ಚೌಕಟ್ಟು ಹಾಕಿಬಿಟ್ಟಿರುತ್ತಾರೆ.

ರಿಬ್ಬನ್ ಇಲ್ಲದ ಥರ್ಮಲ್ ಲೇಬಲ್ ಬಿಸಿಲಿಗೆ, ಬಿಸಿಗೆ ಮಾಸುತ್ತದೆ. ಬೇಗ ಖರ್ಚಾಗುವ ಮಾಲಿಗೆ ಸಾಕು. ವರ್ಷಗಟ್ಟಲೆ ಇರಬೇಕಾದ ಪುಸ್ತಕಕ್ಕೆ ರಿಬ್ಬನ್ ಪ್ರಿಂಟೇ ಬೇಕು. ಇನ್ನು ಪ್ರಿಂಟ್ ಹೆಡ್ಡಿನಲ್ಲಿ ಒಂದು ಚುಕ್ಕೆ ಸುಟ್ಟುಹೋದರೆ ಪ್ರತಿ ಲೇಬಲ್ಲಿನ ಅದೇ ಜಾಗದಲ್ಲಿ, ರೋಲ್ ಹೊರಬರುವ ದಿಕ್ಕಿಗೆ ಒಂದು ಬಿಳಿ ಗೀರು ಬೀಳುತ್ತದೆ. ಬಾರ್‌ಕೋಡಿನ ಗೆರೆಗಳೂ ಅದೇ ದಿಕ್ಕಿಗಿದ್ದರೆ ಒಂದು ಗೆರೆಯೇ ಸವೆದು ಎಲ್ಲ ಲೇಬಲ್ ಹಾಳು. ಹೊಸ ಹೆಡ್ ಬರುವವರೆಗೆ ಕೋಡನ್ನು 90 ಡಿಗ್ರಿ ತಿರುಗಿಸಿ ಪ್ರಿಂಟ್ ಮಾಡಿ. ಆಗ ಗೀರು ಎಲ್ಲ ಗೆರೆಗಳನ್ನೂ ಅಡ್ಡಲಾಗಿ ದಾಟುತ್ತದೆ. ಅದರ ಮೇಲೆ ಕೆಳಗೆ ಓದಲು ಬೇಕಾದಷ್ಟು ಜಾಗ ಉಳಿಯುತ್ತದೆ.

ಹಂತ 7: ಓದದಿದ್ದರೆ ಈ ಕ್ರಮದಲ್ಲಿ ನೋಡಿ

1. ಬೇರೆ ಕಂಪನಿಯ ಒಂದು ಪ್ಯಾಕ್ ಓದಿಸಿ. ಅದು ಓದಿದರೆ ಯಂತ್ರ ಚೆನ್ನಾಗಿದೆ, ತಪ್ಪು ಲೇಬಲ್ಲಿನದು.

2. ರೀಡರನ್ನು ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಲಂಬವಾಗಿ ಹಿಡಿದರೆ ಹೊಳೆಯುವ ಪ್ಲಾಸ್ಟಿಕ್ ಕವರ್ ಎಲ್ಲ ಬೆಳಕನ್ನೂ ಕನ್ನಡಿಯಂತೆ ತಿರುಗಿಸಿ ಕಳಿಸುತ್ತದೆ. ಕಪ್ಪು ಗೆರೆಯೂ ಬಿಳಿಯಾಗಿ ಕಾಣುತ್ತದೆ. ಚಿಪ್ಸ್ ಪ್ಯಾಕಿನಂಥ ಸುಕ್ಕು ಕವರನ್ನು ಕೈಯಿಂದ ಎಳೆದು ಸಪಾಟು ಮಾಡಿ.

3. ಗಾಜು ಒರೆಸಿ. ಹಿಟ್ಟು, ಎಣ್ಣೆ ಕೈ, ಧೂಳು, ಇಷ್ಟೇ ಸಾಕು ಬೆಳಕು ಕೆಡಲು. ಮೆತ್ತನೆಯ ಬಟ್ಟೆ ಸ್ವಲ್ಪ ಒದ್ದೆ ಮಾಡಿ ಒರೆಸಿದರೆ ಆಯಿತು.

4. ನೇರ ಬಿಸಿಲು ಬೀಳುವ ಕೌಂಟರಾದರೆ ಕೈ ಅಡ್ಡ ಹಿಡಿದು ನೋಡಿ. ಬಿಸಿಲಿನ ಬೆಳಕಿನ ಮುಂದೆ ರೀಡರಿನ ಬೆಳಕು ಏನೇನೂ ಸಾಲದು.

5. ಬೆಳಕು ಬರುತ್ತದೆ, ಕೆಲವು ಜಾತಿಯ ಕೋಡ್ ಮಾತ್ರ ಓದುವುದಿಲ್ಲ ಅಂದರೆ ಆ ಜಾತಿ ಸೆಟ್ಟಿಂಗಿನಲ್ಲಿ ಆಫ್ ಆಗಿರಬಹುದು. ಪುಸ್ತಿಕೆಯಿಂದ ಆನ್ ಮಾಡಿ. ಎಲ್ಲಿ ಕೆಟ್ಟಿದೆ ಗೊತ್ತಾಗದಿದ್ದರೆ ಫ್ಯಾಕ್ಟರಿ ಸೆಟ್ಟಿಂಗಿಗೆ ಮರಳಿಸುವ ಕೋಡ್ ಓದಿಸಿ, ಎಂಟರ್ ಸೆಟ್ಟಿಂಗ್ ಮತ್ತೆ ಹಾಕಿ.

6. ಇದೆಲ್ಲ ಆದಮೇಲೆ ಕೇಬಲ್. ಕೈ ರೀಡರಿನ ಕೇಬಲ್ ಹಿಡಿಕೆಯ ಹತ್ತಿರ ಮಡಚಿ ಮಡಚಿ ಒಳಗೇ ತುಂಡಾಗುತ್ತದೆ. ಕೇಬಲ್ ಅಲುಗಾಡಿಸಿದಾಗ ಬೆಳಕು ಬಂದು ಹೋದರೆ ಕೇಬಲ್ ಮಾತ್ರ ಬದಲಿಸಿ. ಬಹಳಷ್ಟು ರೀಡರ್‌ಗಳಲ್ಲಿ ಅದು ಬಿಚ್ಚಿ ಹಾಕುವಂಥದ್ದು.

ಬೆರಳಚ್ಚಿನ ಸ್ಕ್ಯಾನರ್

ನ್ಯಾಯಬೆಲೆ ಅಂಗಡಿಯಲ್ಲಿ ಹಿರಿಯರ, ಕೂಲಿ ಮಾಡುವವರ ಬೆರಳು ಓದದೆ ಅವರು ಕಾಯುತ್ತಾ ನಿಲ್ಲುವುದು ನೋಡಿದರೆ ಬೇಸರವಾಗುತ್ತದೆ. ಗಾಜಿನ ಬೆರಳಚ್ಚು ಯಂತ್ರ ಕೆಲಸ ಮಾಡುವುದೂ ಬೆಳಕಿನಿಂದಲೇ. ಒಳಗಿನಿಂದ ಬಂದ ಬೆಳಕು ಗಾಜಿನ ಮೇಲ್ಮೈಗೆ ಬಡಿದು ಪೂರ್ತಿ ಪ್ರತಿಫಲಿಸುತ್ತದೆ. ಬೆರಳಿನ ಉಬ್ಬು ಗೆರೆ ಗಾಜಿಗೆ ಸರಿಯಾಗಿ ತಾಗಿದ ಕಡೆ ಮಾತ್ರ ಪ್ರತಿಫಲನ ಕಡಿಮೆಯಾಗಿ ಕಪ್ಪಾಗಿ ಕಾಣುತ್ತದೆ. ಒಣಗಿ ಒಡೆದ ಬೆರಳು ಗಾಜಿಗೆ ಸರಿಯಾಗಿ ತಾಗುವುದಿಲ್ಲ. ಹಾಗಾಗಿ ಬೆರಳಿನ ಧೂಳು ಒರೆಸಿ, ಸ್ವಲ್ಪವೇ ಪಸೆ ಮಾಡಿಕೊಂಡು, ಮಟ್ಟಸವಾಗಿ ಒತ್ತಲು ಹೇಳಿ. ತುಂಬಾ ಒದ್ದೆಯಾದರೂ ಗೆರೆಗಳು ಕಲಸಿಹೋಗುತ್ತವೆ. ಗಾಜನ್ನು ಆಗಾಗ ಒರೆಸಿ. ಹಿಂದಿನವರ ಬೆರಳಿನ ಜಿಡ್ಡೂ ಅಡ್ಡ ಬರುತ್ತದೆ. ಮೊಬೈಲಿನ ಬೆರಳಚ್ಚು ಬೇರೆ. ಹೆಚ್ಚಿನವು ಚರ್ಮದ ವಿದ್ಯುತ್ ಗುಣದಿಂದ ಓದುತ್ತವೆ, ಪರದೆಯ ಒಳಗಿರುವವು ಬೆಳಕು ಅಥವಾ ಶಬ್ದದ ಅಲೆಯಿಂದ.

ಕಾಗದದ ಸ್ಕ್ಯಾನರ್

ಜೆರಾಕ್ಸ್ ಅಂಗಡಿಯ ಯಂತ್ರ, ಮನೆಯ ಪ್ರಿಂಟರಿನ ಮೇಲಿರುವ ಗಾಜು, ಎರಡರಲ್ಲೂ ಬೆಳಕಿನ ಕಣ್ಣುಗಳ ಒಂದು ಸಾಲು ಕಾಗದದ ಉದ್ದಕ್ಕೂ ಸರಿಯುತ್ತದೆ. ಒಂದು ಸಲಕ್ಕೆ ಕೂದಲೆಳೆಯಷ್ಟು ಅಗಲ ಓದಿ, ಸಾಲು ಸಾಲಾಗಿ ಜೋಡಿಸುತ್ತದೆ. ಇದರಲ್ಲಿ ಎರಡು ಜಾತಿ. ಸಿಸಿಡಿ ಜಾತಿಯಲ್ಲಿ ಕನ್ನಡಿ, ಲೆನ್ಸ್ ಇವೆ. ಯಂತ್ರ ದಪ್ಪ, ಆದರೆ ಗಾಜಿನಿಂದ ಸ್ವಲ್ಪ ಮೇಲೆದ್ದ ಜಾಗವೂ ಸ್ಪಷ್ಟ. ಸಿಐಎಸ್ ಜಾತಿ ತೆಳ್ಳಗೆ, ಕರೆಂಟ್ ಕಡಿಮೆ. ಇದರ ಕಣ್ಣುಗಳು ಗಾಜಿಗೆ ಹತ್ತಿಕೊಂಡೇ ಇರುತ್ತವೆ, ಕಾಗದ ತುಸು ಮೇಲೆದ್ದರೂ ಮಸುಕು. ದಪ್ಪ ಪುಸ್ತಕದ ಹೊಲಿಗೆಯ ಹತ್ತಿರದ ಅಕ್ಷರಗಳು ಮಂಜಾಗುವುದು ಇದಕ್ಕೇ. ಹಳೆಯ ಪುಸ್ತಕ ಜಾಸ್ತಿ ಸ್ಕ್ಯಾನ್ ಮಾಡುವವರು ಸಿಸಿಡಿ ಜಾತಿಯದನ್ನೇ ಕೇಳಿ ತೆಗೆದುಕೊಳ್ಳಿ.

ಡಿಪಿಐ ಆರಿಸುವಾಗ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ಆಪ್ಟಿಕಲ್ ಡಿಪಿಐ ಎಷ್ಟು ಅಂತ ನೋಡಿ. ಉಳಿದದ್ದು ಸಾಫ್ಟ್‌ವೇರ್ ಊಹಿಸಿ ತುಂಬಿದ್ದು. ಪತ್ರ, ಪುಸ್ತಕಕ್ಕೆ 300 ಡಿಪಿಐ ಸಾಕು, ಚಿಕ್ಕ ಫೋಟೋಗೆ 600. ಕನ್ನಡ ಪುಟವನ್ನು ಓಸಿಆರ್ ಮಾಡಿ ಅಕ್ಷರವಾಗಿ ಪಡೆಯಬೇಕಾದರೆ 300ಕ್ಕಿಂತ ಕೆಳಗೆ ಇಳಿಯಲೇಬೇಡಿ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂತಿರುತ್ತವೆ. ಡಿಪಿಐ ಕಡಿಮೆಯಾದರೆ ಮೊದಲು ಕಲಸಿಹೋಗುವುದು ಅವೇ. ಸಣ್ಣ ಅಕ್ಷರದ ಹಳೆಯ ಮುದ್ರಣಕ್ಕೆ 400 ಇಡಿ. ಕಪ್ಪು ಬಿಳುಪು ಬದಲು ಗ್ರೇಸ್ಕೇಲ್ ಆರಿಸಿ. ತೆಳು ಕಾಗದದ ಹಿಂಬದಿಯ ಅಕ್ಷರ ಇಣುಕುತ್ತಿದ್ದರೆ ಪುಟದ ಹಿಂದೆ ಒಂದು ಕಪ್ಪು ಹಾಳೆ ಇಡಿ.

ಹಾಳೆಗಳನ್ನು ಮೇಲಿನಿಂದ ತಾನೇ ಎಳೆದುಕೊಳ್ಳುವ ಯಂತ್ರದಲ್ಲಿ ಎಲ್ಲ ಪುಟದ ಮೇಲೂ ಒಂದೇ ಜಾಗದಲ್ಲಿ ಉದ್ದ ಗೆರೆ ಬರುತ್ತಿದ್ದರೆ ಸರ್ವಿಸ್‌ನವರನ್ನು ಕರೆಯಬೇಡಿ. ಅಲ್ಲಿ ಕಣ್ಣು ನಿಂತಿರುತ್ತದೆ, ಕಾಗದ ಓಡುತ್ತದೆ. ಹಾಗಾಗಿ ಗಾಜಿನ ಮೇಲಿನ ಒಂದು ಚುಕ್ಕೆ ಧೂಳು ಪುಟದುದ್ದಕ್ಕೂ ಗೆರೆಯಾಗುತ್ತದೆ. ದೊಡ್ಡ ಗಾಜು ಒರೆಸಿದರೆ ಗೆರೆ ಹೋಗುವುದಿಲ್ಲ. ಅದರ ಪಕ್ಕದಲ್ಲೇ ಬೆರಳಗಲದ ಒಂದು ಪಟ್ಟಿ ಗಾಜು ಇರುತ್ತದೆ, ಒರೆಸಬೇಕಾದದ್ದು ಅದನ್ನು. ವೈಟ್ನರ್ ಅಥವಾ ಗಮ್ ಅಂಟಿದ್ದರೆ ಬೆರಳು ಸವರಿ ಹುಡುಕಿ, ಉಗುರಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ.

ಉಳಿಸುವಾಗ, ಎ4 ಪುಟ 300 ಡಿಪಿಐ ಬಣ್ಣದಲ್ಲಿ 2480 ಅಡ್ಡ, 3508 ಉದ್ದ ಪಿಕ್ಸೆಲ್, ಕುಗ್ಗಿಸದಿದ್ದರೆ ಸುಮಾರು 26 ಎಂಬಿ. ಜೆಪೆಗ್ ಮಾಡಿದರೆ ಚಿಕ್ಕದಾಗುತ್ತದೆ, ಆದರೆ ತೆರೆದು ತಿದ್ದಿ ಉಳಿಸಿದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ. ಜಮೀನಿನ ಹಳೆಯ ಪತ್ರ, ಅಜ್ಜಿಯ ಫೋಟೋದಂಥ ಮತ್ತೆ ಸಿಗದ ವಸ್ತುಗಳಿಗೆ ಒಂದು ಮೂಲ ಪ್ರತಿಯನ್ನು ಪಿಎನ್‌ಜಿ ಅಥವಾ ಟಿಫ್ ರೂಪದಲ್ಲಿ ಬೇರೆ ಫೋಲ್ಡರಿನಲ್ಲಿ ಇಡಿ. ತಿದ್ದುವುದು, ಕತ್ತರಿಸುವುದು, ವಾಟ್ಸಾಪಿಗೆ ಕಳಿಸುವುದು ಎಲ್ಲ ನಕಲಿನ ಮೇಲೆ ಮಾಡಿ.